ನಮ್ಮ ಮೂಗಿಗೆ ಸಿಗದ ರೋಜಾ

ನಮ್ಮ ಮನೆಗೆ ಎಂಥ ವಾಸನೆ ಇತ್ತು ಎನ್ನುವುದು ನನಗೆ ಗೊತ್ತಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹುಟ್ಟಿ, ಮದುವೆಯಾಗುವವರೆಗೂ ಅದೇ ಮನೆಯಲ್ಲಿ ಬೆಳೆದವಳು ನಾನು. ಬೀದಿಯ ತುದಿಗೆ ಕಾಲಿಟ್ಟವರಿಗೇ ಗಮ್ಮೆನ್ನುತ್ತಿತ್ತಂತೆ. ಟಪಾಲಿನವನು ಹೇಳುತ್ತಿದ್ದ, ಜಟಕಾದವನು ಹೇಳುತ್ತಿದ್ದ, ನನ್ನ ಜೊತೆ ಓದುತ್ತಿದ್ದ ಹುಡುಗಿಯರಂತೂ ಪಕ್ಕದಲ್ಲಿ ಕೂತು ನನ್ನ ಜಡೆ ಮೂಸುತ್ತಿದ್ದರು. ನನಗೆ ಮಾತ್ರ ಏನೂ ಇಲ್ಲ. ನಿಮ್ಮದು ಪನ್ನೀರಿನ ಮನೆ, ಪುಣ್ಯವಂತರು ಎಂದು ಈಗಲೂ ಯಾರಾದರೂ ಹಲ್ಲು ಕಿಸಿದರೆ ನನಗೆ ಮೈ ಉರಿಯುತ್ತದೆ. ಆ ಪುಣ್ಯ ನಮ್ಮ ಅಕ್ಕನಿಗೆ ಏನು ಮಾಡಿತು ಎಂದು ಅವರಿಗೇನು ಗೊತ್ತು.

ಪನ್ನೀರು ಮಾಡುತ್ತಿದ್ದವನು ಅಪ್ಪ. ಹುಡುಗನಾಗಿದ್ದಾಗ ಬೆಂಗಳೂರಿನ ಚಿಕ್ಕಪೇಟೆಯ ಒಂದು ಸೆಂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದು ಕಲಿತು ಬಂದಿದ್ದ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಕೋಲಾರದ ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಗಳಲ್ಲಿ ಮದುವೆ ಎಂದರೆ ಬಾಗಿಲಲ್ಲಿ ಚಿಮುಕಿಸುವುದಕ್ಕೆ ಅಪ್ಪನ ಪನ್ನೀರೇ ಬೇಕು ಎನ್ನುವಂತಾಗಿತ್ತು. ಪನ್ನೀರೆಂದರೆ ಹೂವನ್ನು ಬಟ್ಟಿ ಇಳಿಸಿ ತೆಗೆದದ್ದು ಎಂದು ಕೊಳ್ಳುವವರ ನಂಬಿಕೆ. ನಮ್ಮ ಹಿತ್ತಲಲ್ಲಿ ಒಂದು ರೋಜಾ ಗಿಡವೂ ಇರಲಿಲ್ಲ. ಕಂದು ಬಣ್ಣದ ಬಾಟಲಿಯಲ್ಲಿ ಬೆಂಗಳೂರಿನಿಂದ ರೈಲಿನಲ್ಲಿ ಒಂದು ದ್ರವ ಬರುತ್ತಿತ್ತು, ಯಾವುದೋ ಕಾರ್ಖಾನೆಯಲ್ಲಿ ಮಾಡಿದ್ದು. ಬಾಟಲಿಯ ಮೇಲಿನ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ನಾವು ಅದನ್ನು ರೋಜಾ ಮದ್ದು ಎನ್ನುತ್ತಿದ್ದೆವು. ಎಣ್ಣೆಯ ಹಾಗೆ ತೇಲದೆ ನೀರಿನಲ್ಲಿ ಬೆರೆತುಬಿಡುವುದು ಅದರ ಗುಣ.

ಆದರೆ ಬರೀ ಮದ್ದು ಹಾಕಿದ ಪನ್ನೀರು ಸಂಜೆಯ ಹೊತ್ತಿಗೆ ಹಾರಿಹೋಗುತ್ತದೆ. ಅಂಥದ್ದನ್ನು ಮಾಡುವವರು ಬೇಕಾದಷ್ಟು ಜನ ಇದ್ದರು. ಅಪ್ಪ ಅದಕ್ಕೆ ರೋಜಾ ಹರಳು ಸೇರಿಸುತ್ತಿದ್ದ. ಅದೂ ಕಾರ್ಖಾನೆಯದೇ, ನೋಡಲು ಕುಟ್ಟಿದ ಕಲ್ಲುಸಕ್ಕರೆಯಂತೆ. ಹರಳನ್ನು ಮದ್ದಿನಲ್ಲಿ ಬೆಚ್ಚಗೆ ಕರಗಿಸಿ, ಕಾಯಿಸಿ ಆರಿಸಿದ ನೀರಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟು, ಕೆಲವು ದಿನ ಹಾಗೇ ಇಟ್ಟು, ಆಮೇಲೆ ತೆಳ್ಳನೆಯ ಮಲ್ಲುಬಟ್ಟೆಯಲ್ಲಿ ಸೋಸುವುದು. ಸೋಸುವುದೂ ಬಾಟಲಿ ತುಂಬುವುದೂ ನನ್ನ ಮತ್ತು ಅಕ್ಕನ ಕೆಲಸ. ಹರಳು ಬಿದ್ದ ಪನ್ನೀರು ಬಟ್ಟೆಯನ್ನು ಕಚ್ಚಿಕೊಂಡರೆ ಬಿಡುತ್ತಿರಲಿಲ್ಲ. "ನಮ್ದು ಓಗಲ್ಲ" ಎನ್ನುವುದೇ ಅಪ್ಪನ ಹೆಮ್ಮೆ, ಅಂಗಡಿಯವರ ಮುಂದೆ ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದ. ಕೇಳಿದವರಿಗೆ ಸುಳ್ಳು ಹೇಳಿದವನೂ ಅಲ್ಲ. "ಊವಿಲ್ಲ ತಾಯಿ, ಊವಿನ್ ಗುಣ ಐತೆ" ಅಂತಿದ್ದ.

ಅವನ ಇನ್ನೊಂದು ಪದ್ಧತಿ ಹೇಳಬೇಕು. ಎರಡು ಬಾಟಲಿ ಮೂಸಿ ನೋಡಿದ ಮೇಲೆ ಮೂರನೆಯದನ್ನು ಮುಟ್ಟುತ್ತಿರಲಿಲ್ಲ. ಎದ್ದು ಹೋಗಿ ರೈಲ್ವೆ ಯಾರ್ಡಿನ ಬೇಲಿಯ ಹತ್ತಿರ ನಿಂತು ಎಂಜಿನ್ನಿನ ಕಲ್ಲಿದ್ದಲ ಹೊಗೆ ಎಳೆದುಕೊಂಡು ಬರುತ್ತಿದ್ದ. "ಮೂಗು ಸೋಮಾರಿ ಕಣಮ್ಮ. ಒಂದೇ ಕಡೆ ಕೂತ್ರೆ ನಿದ್ದೆ ಮಾಡ್ಬಿಡ್ತೈತೆ. ಎಬ್ಬಿಸ್ಕೊಂಡ್ ಬರ್ಬೇಕು" ಎನ್ನುತ್ತಿದ್ದ. ಅಮ್ಮ ಬಿಡುತ್ತಾಳೆಯೇ? "ಊರ್ಗೆಲ್ಲಾ ಸೆಂಟು ಮಾಡೋರು, ಮನೇಲಿ ಸಾರು ಸೀದ್ರೂ ತಿಳಿಯಾಕಿಲ್ಲ" ಎಂದು ಅಡುಗೆಮನೆಯಿಂದಲೇ ಒಗ್ಗರಣೆ ಹಾಕುತ್ತಿದ್ದಳು. ನಾವು ನಗುತ್ತಿದ್ದೆವು. ನಮ್ಮೆಲ್ಲರ ಮೂಗೂ ಹುಟ್ಟಿದಾಗಿನಿಂದ ನಿದ್ದೆ ಹೋಗಿದೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಅವಳಿಗೆ ಗಂಡು ಗೊತ್ತಾದದ್ದು ಗಣಿಯ ಊರು ಉರಿಗಾಂನ ಲೈನು ಮನೆಯಲ್ಲಿ. ಮೂಲ ಬೇತಮಂಗಲದ ಕಡೆಯವರು, ನಮ್ಮವರೇ. ತಂದೆ ಇಲ್ಲ. ತಾಯಿ, ಇಬ್ಬರು ಗಂಡು ಮಕ್ಕಳು. ದೊಡ್ಡವನು ಗಣಿಯ ಕೆಳಗೆ ಇಳಿಯುವ ಕೆಲಸ, ಇನ್ನೂ ಮದುವೆಯಾಗಿರಲಿಲ್ಲ, ಮೊದಲು ತಮ್ಮನದಾಗಲಿ ಎಂದು ಹಟ ಹಿಡಿದಿದ್ದ. ನಮ್ಮ ಭಾವನಾಗುವವನು ಮೇಲೆ, ವರ್ಕ್‌ಶಾಪಿನಲ್ಲಿ. ವೀಳ್ಯದ ಶಾಸ್ತ್ರಕ್ಕೆ ಅವರೆಲ್ಲ ನಮ್ಮ ಮನೆಗೆ ಬಂದಾಗ ಅಪ್ಪ ಪನ್ನೀರುದಾನಿ ಹಿಡಿದು ತಾನೇ ಬಾಗಿಲಲ್ಲಿ ನಿಂತು ಎಲ್ಲರಿಗೂ ಚಿಮುಕಿಸಿದ. ಮುಂದೆ ಅಕ್ಕನ ಅತ್ತೆಯಾಗುವಾಕೆ ವಾರ ಬಿಟ್ಟು ಸಿಕ್ಕಾಗ ಸೆರಗು ಹಿಡಿದು ತೋರಿಸಿದರು. "ಒಗೆಯಾಕೇ ಮನಸ್ ಬರ್ನಿಲ್ಲ ಅಣ್ಣ. ಇನ್ನೂ ಐತೆ ನೋಡು." ಅಪ್ಪ ಆ ದಿನ ರೈಲಿಳಿದು ಬಂದವನು ಆ ಮಾತನ್ನು ನಮಗೆ ಎಷ್ಟು ಸಲ ಹೇಳಿದನೋ.

ಮದುವೆಗೆ ಇನ್ನೂ ದಿನವಿತ್ತು. ಅಷ್ಟರಲ್ಲಿ ಗಣಿಯೊಳಗೆ ಏರ್‌ಬ್ಲಾಸ್ಟ್ ಆಯಿತು. ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದಕ್ಕೆ ಅಲ್ಲಿಯವರು ಹಾಗನ್ನುತ್ತಾರೆ. ಮೇಲೆ ಲೈನು ಮನೆಗಳ ಪಾತ್ರೆಗಳು ಅಲ್ಲಾಡಿದವಂತೆ. ಸಂಜೆಯ ರೈಲಿಗೆ ಬಂದವರು ಸುದ್ದಿ ತಂದರು, ದೊಡ್ಡ ಮಗ ಹೋಗಿಬಿಟ್ಟಿದ್ದ.

ಅಪ್ಪ ತುಂಬಿಟ್ಟಿದ್ದ ಎರಡು ದೊಡ್ಡ ಜಾಡಿ ಪನ್ನೀರನ್ನು ಹೊತ್ತುಕೊಂಡು ಹೊರಟ. ನಮ್ಮ ಕಡೆ ಮದುವೆಗೂ ಪನ್ನೀರು, ಸಾವಿಗೂ ಪನ್ನೀರು. ಕಲ್ಲಿನಡಿಯಿಂದ ತೆಗೆದು ತಂದ ಮೈ, ಬಿಸಿಲು ಬೇರೆ. ಬೀಗರಾಗುವವರ ಮನೆಯ ಮಗ, ತನ್ನ ಕೈಲಾದದ್ದು ಇದೊಂದೇ ಎಂದು ಅಪ್ಪ ಆ ಹೊದಿಕೆಯ ಮೇಲೆ ಮತ್ತೆ ಮತ್ತೆ ಸುರಿದ. ತಾಯಿ ಮಗನ ಎದೆಯ ಮೇಲೆ ತಲೆಯಿಟ್ಟು ಬಿದ್ದಿದ್ದರು. ಎಬ್ಬಿಸುವ ಹೊತ್ತಿಗೆ ಆಕೆಯ ಸೀರೆ, ಕೂದಲು ಎಲ್ಲ ಪನ್ನೀರಿನಲ್ಲಿ ತೊಯ್ದಿತ್ತು. ತಿಥಿ ಮುಗಿದರೂ ಆ ಕೂದಲಿನಿಂದ ವಾಸನೆ ಹೋಗಲಿಲ್ಲವಂತೆ. ಹೋಗುವುದು ಹೇಗೆ? ಹೋಗದ ಹಾಗೆ ಮಾಡುವವನೇ ಅಲ್ಲವೇ ನಮ್ಮಪ್ಪ.

ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಲೈನಿನಲ್ಲಿ ಒಂದಿಬ್ಬರು ಬಾಯಿ ಹಾಕಿದರು. ಆ ತಾಯಿಯೇ ಅವರ ಬಾಯಿ ಮುಚ್ಚಿಸಿದರು. "ಬಂಡೆ ಸಿಡಿದ್ರೆ ಆ ಮಗಾ ಏನ್ ಮಾಡ್ತೈತೆ. ಆ ಉಡ್ಗೀನೇ ನನ್ ಸೊಸೆ" ಎಂದರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ಆಕೆಯನ್ನು ಘಟವಾಣಿ ಅತ್ತೆ ಅಂದುಬಿಡುತ್ತಾರೆ. ಅಲ್ಲ. ನಾನು ಕಂಡ ಹೆಂಗಸರಲ್ಲಿ ಅಂಥ ದೊಡ್ಡ ಮನಸ್ಸು ಕಡಿಮೆ.

ವರ್ಷ ತುಂಬಿದ ಮೇಲೆ ಬಂಗಾರಪೇಟೆಯ ಛತ್ರದಲ್ಲಿ ಮದುವೆ. ಅದಕ್ಕೆ ಮುಂಚೆ ಆಕೆ ಅಪ್ಪನನ್ನು ಕರೆದು ಒಂದೇ ಒಂದು ಮಾತು ಕೇಳಿಕೊಂಡರು.

"ಎಲ್ಲಾ ನಿಮ್ಮಿಷ್ಟ ಅಣ್ಣ. ಪನ್ನೀರು ಮಾತ್ರ ಬ್ಯಾಡ. ಆ ವಾಸ್ನೆ ಬಂದ್ರೆ ನನ್ ಮಗ ಮುಂದೆ ಮಲಗ್ದಂಗಾಯ್ತದೆ."

ಅಪ್ಪ ಒಪ್ಪಿದ. ಅವನ ಮಗಳ ಮದುವೆಯಲ್ಲಿ ಅವನ ಪನ್ನೀರಿಲ್ಲ. ಪನ್ನೀರುದಾನಿಗೆ ಲಾವಂಚದ ನೀರು ತುಂಬಿದ, ಬಾಟಲಿಗಳನ್ನೆಲ್ಲ ಛತ್ರದ ಹತ್ತಿರವೂ ಸುಳಿಯಗೊಡಲಿಲ್ಲ. ಮಲ್ಲಿಗೆ, ಹೋಮದ ಹೊಗೆ, ಅಡುಗೆ, ಇವುಗಳ ಮಧ್ಯೆ ಎಲ್ಲ ಸಾಂಗವಾಗಿ ನಡೆಯಿತು. ನಾವು ತುಂಬಾ ಜಾಗ್ರತೆ ಮಾಡಿದೆವು ಎಂದುಕೊಂಡಿದ್ದೆವು, ನಮ್ಮ ಬುದ್ಧಿಗಿಷ್ಟು.

ಹೆಣ್ಣನ್ನು ಒಪ್ಪಿಸಲು ನಾನೂ ಉರಿಗಾಂಗೆ ಹೋಗಿದ್ದೆ. ಲೈನಿನ ಆ ಚಿಕ್ಕ ಕೋಣೆಯಲ್ಲಿ ಅಕ್ಕ ಟ್ರಂಕು ತೆಗೆದು ಅತ್ತೆಗೆಂದು ತಂದ ಸೀರೆಯನ್ನು ಎರಡೂ ಕೈಯಲ್ಲಿ ಕೊಟ್ಟಳು. ಆಕೆ ನಗುತ್ತಲೇ ತೆಗೆದುಕೊಂಡರು, ಮಡಿಕೆ ಬಿಚ್ಚಿದರು. ಆ ಮುಖ ಹಾಗೆ ಕಪ್ಪಿಟ್ಟದ್ದನ್ನು ನಾನು ಮರೆತಿಲ್ಲ. ಸೀರೆಯನ್ನು ಮೆಲ್ಲಗೆ ಟ್ರಂಕಿನ ಮೇಲಿಟ್ಟು, ಹೊರಗೆ ಹೋಗಿ, ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಬಣ್ಣ ಹಿಡಿಸಲಿಲ್ಲವೇನೋ ಎಂದು ಅಕ್ಕ ನನ್ನ ಮುಖ ನೋಡಿದಳು. ಭಾವ ಬಂದು ಹೇಳಿದ ಮೇಲೆ ನಮಗೆ ತಿಳಿದದ್ದು. ಸೀರೆಯಲ್ಲಿ, ಟ್ರಂಕಿನಲ್ಲಿ, ಅಕ್ಕನ ಕೂದಲಲ್ಲಿ, ನನ್ನ ಲಂಗದಲ್ಲಿ, ಎಲ್ಲದರಲ್ಲೂ ಅದೇ ರೋಜಾ. ನಾನೂ ಅಕ್ಕನೂ ಸೀರೆಯನ್ನು ಮೂಗಿಗೆ ಒತ್ತಿ ಹಿಡಿದು ಮೂಸಿದೆವು. ನಮಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು ಅಷ್ಟೇ.

ಅಕ್ಕ ಟ್ರಂಕಿನಲ್ಲಿದ್ದ ಒಂದೊಂದು ಬಟ್ಟೆಯನ್ನೂ ಸೀಗೆಪುಡಿ ಹಾಕಿ ಒಗೆದಳು, ದಿನಗಟ್ಟಲೆ ಬಿಸಿಲಿಗೆ ಹರವಿದಳು. ನಿಧಾನವಾಗಿ ಹೋಯಿತಂತೆ. ಆಮೇಲೆ ಅತ್ತೆ ಸೊಸೆ ಹಾಲು ಸಕ್ಕರೆ. ಆಕೆ ಅಕ್ಕನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುವುದನ್ನು ಕಂಡು ಅಮ್ಮನಿಗೇ ಹೊಟ್ಟೆಕಿಚ್ಚು. ಆದರೆ ಗೌರಿಹಬ್ಬಕ್ಕೆ ಅಕ್ಕ ನಮ್ಮ ಮನೆಗೆ ಬಂದು ಎರಡು ದಿನ ಇದ್ದು ಹೋದಳು ನೋಡಿ, ಅವಳ ಅತ್ತೆ ಚಾಪೆ ಸುತ್ತಿಕೊಂಡು ಹೋಗಿ ಹೊರಗಿನ ಜಗಲಿಯಲ್ಲಿ ಮಲಗಿದರು. ಬೈದಿದ್ದರೆ ಅಕ್ಕನಿಗೂ ಎದುರು ಮಾತಾಡಬಹುದಿತ್ತು. ಬೈಯಲಿಲ್ಲ. ಅಂದಿನಿಂದ ಅಕ್ಕ ತವರಿಗೆ ಬರುವುದನ್ನು ಬಿಟ್ಟಳು. ಅಮ್ಮನೂ ನಾನೂ ರೈಲು ಹತ್ತಿ ಹೋಗಿ ಉರಿಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ಅವಳನ್ನು ನೋಡಿ ಬರುತ್ತಿದ್ದೆವು. ಕಡುಬೋ ಕೊಬ್ಬರಿ ಮಿಠಾಯಿಯೋ ಅಲ್ಲೇ ತಿಂದು ಕೈ ತೊಳೆದು ಹೋಗುತ್ತಿದ್ದಳು. ಮಗಳನ್ನು ಕೊಟ್ಟದ್ದು ಒಂದು ಗಳಿಗೆ ದಾರಿಯ ಊರಿಗೆ, ಮಾತಾಡಿಸುವುದು ಪ್ಲಾಟ್‌ಫಾರಮ್ಮಿನಲ್ಲಿ. ಎಂಥ ಹಣೆಬರಹ.

ಮುಂದಿನ ವರ್ಷ ಅಕ್ಕ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅಪ್ಪ ಕೇಳಲು ಹೋದ. ಅಕ್ಕನ ಅತ್ತೆ ಬೇಡ ಅನ್ನಲಿಲ್ಲ.

"ಕಳಿಸ್ತೀನಿ ಅಣ್ಣ. ತವರಿನ್ ಆಸೆ ನಂಗ್ ಗೊತ್ತಿಲ್ವಾ. ಆದ್ರೆ ಮಗೀನ ನಾನೂ ಎತ್ಕೋಬೇಕಲ್ಲ."

ಅಪ್ಪ ಬಂದವನು ಊಟ ಮಾಡದೆ, ಪನ್ನೀರು ಮಾಡುತ್ತಿದ್ದ ಹಿಂದಿನ ಪಡಸಾಲೆಯಲ್ಲಿ ಕೂತ. ಮರುದಿನ ಮದ್ದಿನ ಬಾಟಲಿ, ಹರಳಿನ ಡಬ್ಬ ಎಲ್ಲವನ್ನೂ ಗಾಡಿಗೆ ಹಾಕಿ ಬೆಂಗಳೂರಿನ ಅಂಗಡಿಗೇ ವಾಪಸು ಮಾಡಿ ಬಂದ. ಪಡಸಾಲೆಯ ಮಣ್ಣಿನ ನೆಲವನ್ನು ಅಗೆದು ಹೊಸ ಮಣ್ಣು ತುಂಬಿಸಿದ. ಗೋಡೆ ಕೆರೆದು ಸುಣ್ಣ ಬಳಿಸಿದ, ಆರಿದ ಮೇಲೆ ಮತ್ತೆ ಬಳಿಸಿದ. ಹೊಟ್ಟೆಪಾಡಿಗೆ ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದ. ಮೂಗಿನಿಂದ ಬದುಕಿದವನು ತಕ್ಕಡಿ ಹಿಡಿದ. ನನಗೆ ಆಗ ಎಷ್ಟು ಕೋಪ ಬಂದಿತ್ತೆಂದರೆ, ಅಕ್ಕನ ಮೇಲೂ ಬಂದಿತ್ತು.

ವಾಸನೆ ಹೋಯಿತೋ ಇಲ್ಲವೋ ನಮಗೆ ತಿಳಿಯಬೇಡವೇ? ಯಾರ್ಡಿಗೆ ಹೋಗಿ ಬಂದರೂ ಈಗ ಅಪ್ಪನಿಗೆ ಏನೂ ಸಿಗುತ್ತಿರಲಿಲ್ಲ. ಬಾಟಲಿಗೆ ಮೂಗಿಟ್ಟು ನೋಡುವುದು ಬೇರೆ, ಹುಟ್ಟಿಸಿದ ಮಕ್ಕಳಷ್ಟು ಹಳೆಯದಾದ ಮನೆಯ ವಾಸನೆ ಬೇರೆ. ಅದಕ್ಕೆ ಬೂದಿಕೋಟೆ ಕಡೆಯಿಂದ ಹಾಲು ತರುತ್ತಿದ್ದ ಹೆಂಗಸನ್ನು ಹಿಡಿದ. ದಿನಾ ಬೆಳಿಗ್ಗೆ ಆಕೆ ಹೊಸಿಲಲ್ಲಿ ನಿಂತು ಮೂಗೆತ್ತಿ ನೋಡಬೇಕು.

"ಐತೇನಮ್ಮ?"

"ಐತೆ ಅಣ್ಣಯ್ಯ. ಗಮ್ ಅಂತೈತೆ."

ಅಪ್ಪ ಆ ದಿನ ಬಾಗಿಲಿಗೆ ಬೂದಿ ಹಾಕಿ ಉಜ್ಜುತ್ತಿದ್ದ. ಹೀಗೇ ನಡೆದು ನಡೆದು, ಆಕೆ "ವಸಿ ಐತೆ" ಎನ್ನತೊಡಗಿದಳು, ಆಮೇಲೆ ಒಂದು ದಿನ "ಇಲ್ಲ ಕಣಣ್ಣಯ್ಯ, ಓಯ್ತು" ಎಂದಳು. ಅಮ್ಮ ಆಕೆಗೆ ಬೆಲ್ಲ ಕೊಟ್ಟು ಕಳಿಸಿದಳು. ದಿನಾ ನಮ್ಮ ಹೊಸಿಲಲ್ಲಿ ನಿಂತು ನಿಂತು ಆ ಮೂಗೂ ಮಲಗಿತ್ತು. ಮೂಗು ಸೋಮಾರಿ ಎಂದು ನಮಗೆ ಪಾಠ ಹೇಳಿದ ಮನುಷ್ಯನಿಗೆ ಅಷ್ಟು ತೋಚಲಿಲ್ಲ. ಮಗಳು ಮನೆಗೆ ಬರುತ್ತಾಳೆ ಎಂಬ ಆಸೆ, ಇನ್ನೇನು.

ಅಕ್ಕ ಬಂದಳು. ಬಾಗಿಲಲ್ಲಿ ನಿಂತಳು. ಅಪ್ಪ ನಾಲ್ಕು ಹೆಜ್ಜೆ ಹಿಂದೆ ಅವಳ ಗಂಟು ಹಿಡಿದುಕೊಂಡು ನಿಂತಿದ್ದ. ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು.

"ಏನಮ್ಮ?" ಎಂದ ಅಪ್ಪ.

"ಇಲ್ಲ ಅಪ್ಪ. ಏನೂ ಇಲ್ಲ."

ಅಪ್ಪ ಗಂಟನ್ನು ಅಲ್ಲೇ ಇಳಿಸಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ. ಆ ಮೂರು ನಾಲ್ಕು ತಿಂಗಳು ನಮ್ಮ ಮನೆ ಮನೆಯ ಹಾಗಿತ್ತು. ಹೆಣ್ಣು ಮಗು ಹುಟ್ಟಿತು. ಅಮ್ಮ ಬಾಣಂತಿಗೆ ಮೆಣಸಿನ ಸಾರು, ಮಗುವಿಗೆ ಎಣ್ಣೆ ನೀರು ಎಂದು ಓಡಾಡುತ್ತಿದ್ದಳು. ಮಗುವಿನ ಮೈಗೆ ಮೆತ್ತನೆಯ ಬಟ್ಟೆ ಬೇಕಲ್ಲ, ಪನ್ನೀರು ಸೋಸುತ್ತಿದ್ದ ಹಳೆಯ ಮಲ್ಲುಬಟ್ಟೆ ಒಂದು ಮೂಲೆಯಲ್ಲಿ ಉಳಿದಿತ್ತು. ಅಷ್ಟು ನುಣುಪಾದದ್ದು ಮನೆಯಲ್ಲಿ ಬೇರೆ ಇರಲಿಲ್ಲ. ಅಮ್ಮ ಅದನ್ನು ಕುದಿಸಿ ಒಗೆದು ಕುಲಾವಿ ಹೊಲಿದಳು. ನಮ್ಮ ಮೂಗಿಗೆ ಅದು ಬರೀ ಬಟ್ಟೆ. ಅಪ್ಪ ಮಂಡಿಯಿಂದ ಬಂದವನು ಹುಣಸೆಯ ಕೈ ತೊಳೆದು, ಮೊಮ್ಮಗಳಿಗೆ ಆ ಕುಲಾವಿ ಕಟ್ಟಿ, ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದ.

ಕರೆದುಕೊಂಡು ಹೋಗಲು ಅಕ್ಕನ ಅತ್ತೆ ಬಂದರು. ಮಗುವಿಗೆ ಬೆಳ್ಳಿಯ ಉಡಿದಾರ ತಂದಿದ್ದರು. ಒಳಗೆ ಕರೆದರೆ "ಇಲ್ಲೇ ಗಾಳಿ ಚೆನ್ನಾಗೈತೆ" ಎಂದು ಜಗಲಿಯ ಮೇಲೆ ಕೂತರು. ಅಮ್ಮ ಕುಲಾವಿ ಕಟ್ಟಿದ ಮಗುವನ್ನು ತಂದು ತೊಡೆಯ ಮೇಲಿಟ್ಟಳು. ಅಜ್ಜಿಯರೆಲ್ಲ ಮಾಡುವಂತೆ ಆಕೆ ಬಗ್ಗಿ ಮಗುವಿನ ನೆತ್ತಿಯನ್ನು ಮೂಸಿದರು.

ಹಾಗೇ ಇದ್ದರು, ತುಂಬಾ ಹೊತ್ತು. ಮಗುವನ್ನು ಹಿಡಿದುಕೊಂಡೇ ಇರಲು ನೋಡಿದರು, ಅದು ನನಗೆ ಕಾಣುತ್ತಿತ್ತು. ಕೊನೆಗೆ ಮಗುವನ್ನು ಎತ್ತಿ ಅಮ್ಮನ ಕಡೆ ನೀಡಿದರು.

"ತಗೊಳಮ್ಮ. ನನ್ ಕೈಲಿ ಆಗಲ್ಲ. ತಪ್ಪು ತಿಳ್ಕೋಬ್ಯಾಡಿ."

ಅಪ್ಪ ಕಂಬಕ್ಕೆ ಆತುಕೊಂಡು ಅಕ್ಕನನ್ನು ನೋಡಿದ. ಅಕ್ಕ ನೆಲ ನೋಡಿದಳು. ಆಗ ಅವನಿಗೆ ಗೊತ್ತಾಯಿತು, ಇವಳಿಗೆ ಮೊದಲೇ ತಿಳಿದಿತ್ತು, ತನ್ನ ಮೇಲಿನ ಕನಿಕರಕ್ಕೆ ಸುಳ್ಳು ಹೇಳಿದಳು ಎಂದು. ಆಕೆ ಉಡಿದಾರವನ್ನು ಜಗಲಿಯ ಮೇಲಿಟ್ಟು ಮುಂದಿನ ರೈಲಿಗೆ ಹೊರಟುಹೋದರು. ಅಕ್ಕ ಮಗುವನ್ನು ಎತ್ತಿಕೊಂಡು ಬೇತಮಂಗಲದ ಚಿಕ್ಕಮ್ಮನ ಮನೆಯಲ್ಲಿ ಒಂದು ತಿಂಗಳಿದ್ದು, ಕೆರೆಯ ಗಾಳಿಗೆ ಬಟ್ಟೆಬರೆ ಎಲ್ಲ ಆರಿದ ಮೇಲೆ ಉರಿಗಾಂಗೆ ಹೋದಳು. ಅಲ್ಲಿ ಆ ಅಜ್ಜಿ ಮೊಮ್ಮಗಳನ್ನು ನೆಲಕ್ಕೆ ಬಿಡಲಿಲ್ಲವಂತೆ. ನಮ್ಮ ಮನೆಗೆ ಮಾತ್ರ ಅಕ್ಕ ಮತ್ತೆ ಉಳಿಯಲು ಬರಲಿಲ್ಲ. ಬಾ ಎಂದು ಅಪ್ಪನೂ ಕರೆಯಲಿಲ್ಲ. "ನನ್ ಕೆಲ್ಸ ನನ್ ಮಗಳ ತವರು ತಿಂತು" ಎಂದು ಒಂದು ಸಲ ಅಮ್ಮನಿಗೆ ಅಂದದ್ದು ನನ್ನ ಕಿವಿಗೆ ಬಿತ್ತು. ಸೋಪಿನಲ್ಲಿ ಕೂಡ ರೋಜಾ ಇದ್ದರೆ ಅಂಗಡಿಗೆ ವಾಪಸು ಕೊಡಿಸುತ್ತಿದ್ದ.

ನಾನೂ ಮದುವೆಯಾಗಿ ಹೋದೆ. ಕೆಲವು ವರ್ಷಗಳ ಮೇಲೆ ಅಪ್ಪ ಎದೆನೋವೆಂದು ಮಲಗಿದವನು ಏಳಲಿಲ್ಲ. ಸುದ್ದಿ ತಲುಪಿ ಅಕ್ಕ ಬಂದಳು, ಅವಳ ಅತ್ತೆಯೂ ಬಂದರು. ಪನ್ನೀರಿನ ಅಪ್ಪನಿಗೆ ಯಾರೂ ಪನ್ನೀರು ಚಿಮುಕಿಸಲಿಲ್ಲ. ಆಕೆಯ ಮುಂದೆ ತರಲು ಯಾರಿಗೂ ಮನಸ್ಸಾಗಲಿಲ್ಲ.

ತಿಥಿಯ ದಿನ ನಾನೂ ಅಕ್ಕನೂ ಹಿಂದಿನ ಪಡಸಾಲೆಯಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದೆವು. ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಅಂದು ಯಾಕೆ ಸುಳ್ಳು ಹೇಳಿದೆ, ಇದೆ ಎಂದಿದ್ದರೆ ಇನ್ನೂ ಸ್ವಲ್ಪ ದಿನ ಉಜ್ಜುತ್ತಿದ್ದೆವಲ್ಲ, ಆ ಯಮ್ಮ ಮಗುವನ್ನು ವಾಪಸು ಕೊಡುವುದನ್ನು ಅಪ್ಪ ನೋಡುವುದು ತಪ್ಪುತ್ತಿತ್ತಲ್ಲ ಎಂದು ಕೇಳಿದೆ. ಅಕ್ಕ ಎಲೆ ಕೆಳಗಿಟ್ಟಳು.

"ಅದ್ಕೇ ಕಣೇ ಏಳ್ಳಿಲ್ಲ. ಐತೆ ಅಂದಿದ್ರೆ ಇನ್ನೂ ಉಜ್ಜಿ ಕಳೆದ್ಬಿಡ್ತಿದ್ನಲ್ಲ ಅಪ್ಪ. ಈ ಮನೇಲೇ ಉಟ್ಟಿ ಬೆಳ್ದೋಳು, ನಂಗ್ ಯಾವತ್ತಾದ್ರೂ ಆ ವಾಸ್ನೆ ಗೊತ್ತಿತ್ತಾ? ಅಲ್ಲಿದ್ದು ಬಂದು, ಅವತ್ತು ಬಾಗ್ಲಾಗೆ ನಿಂತು ಉಸ್ರು ಎಳ್ಕಂಡೆ ನೋಡು. ಮೊದಲ್ನೇ ಸಲ ಬಂತು. ಅಪ್ಪ ತಬ್ಕಂಡಂಗಾಯ್ತು ಕಣೇ. ಕುಲಾವೀಲಿ ಇನ್ನೂ ಜಾಸ್ತಿ ಇತ್ತು. ನನ್ ಮಗೀಗೂ ಅದು ಇರ್ಲಿ ಅನ್ನಿಸ್ತು."

ಇದನ್ನು ಅಪ್ಪನಿಗೆ ಹೇಳಿದ್ದೆಯಾ ಎಂದೆ.

"ಏಳಾನ ಅಂತಿದ್ದೆ" ಎಂದಳು. ಅಷ್ಟು ಹೇಳಿ ಬಾಳೆಲೆಯನ್ನು ಮತ್ತೆ ಎತ್ತಿಕೊಂಡಳು, ಒರೆಸಲಿಲ್ಲ.

ಅಪ್ಪ ತಕ್ಕಡಿ ಹಿಡಿದು ಸತ್ತ. ತನ್ನ ಕೈಕೆಲಸ ಮಗಳಿಗೆ ಬೇಡವಾಯಿತು ಎಂದುಕೊಂಡೇ ಸತ್ತ. ಒಂದು ಮಾತು, ಉರಿಗಾಂನ ಬೆಂಚಿನ ಮೇಲೆ ಕೂತು ಆಡಬಹುದಾಗಿದ್ದ ಒಂದು ಮಾತು, ಅವನನ್ನು ತಲುಪಲಿಲ್ಲ. ಇದಕ್ಕೆ ಯಾರನ್ನು ಬೈಯಲಿ? ಆ ತಾಯಿಯನ್ನು ಬೈಯಲಾರೆ, ಅಕ್ಕನನ್ನೂ ಬೈಯಲಾರೆ. ನಾನು ಬೇರೆ ಊರಿನ ಗಾಳಿ ಕುಡಿದು ಬರುವ ಹೊತ್ತಿಗೆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅಕ್ಕ ಒಳಗೆ ಹೋದ ಮೇಲೆ ನಾನು ಎದ್ದು, ಅಪ್ಪ ಒರಗಿ ಕೂರುತ್ತಿದ್ದ ಜಾಗದಲ್ಲಿ ಗೋಡೆಗೆ ಮೂಗಿಟ್ಟು ನೋಡಿದೆ. ಸುಣ್ಣದ ವಾಸನೆ ಬಂತು.